ನಿದ್ದೆಗೆಟ್ಟ ಊರಿನ ಚರಿತ್ರೆ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ಗಾದೆಯನ್ನು ನಾವೆಲ್ಲ ಅಜ್ಜಿಯಂದಿರ ಬಾಯಲ್ಲಿ ಕೇಳಿ ಬೆಳೆದವರು. ಅದು ‘ಚಿಂತೆಯಿಲ್ಲದವನಿಗೆ’ ಎನ್ನುತ್ತದೆಯೇ ಹೊರತು ‘ಚಿಂತೆಯಿಲ್ಲದವಳಿಗೆ’ ಎನ್ನುವುದಿಲ್ಲ ಎಂಬುದು ನನ್ನ ಗಮನಕ್ಕೆ ಬರಲು ಮಾತ್ರ ಸಾಕಷ್ಟು ವಯಸ್ಸಾಗಬೇಕಾಯಿತು. ಇರಲಿ. ಗಾದೆ ಕಟ್ಟಿದವರಿಗೆ ಚಿಂತೆಗೂ ನಿದ್ದೆಗೂ ನಂಟಿದೆ ಎಂದು ಗೊತ್ತಿತ್ತು. ಆ ನಂಟು ರಕ್ತದಲ್ಲಿ ಹರಿಯುತ್ತದೆ, ಅದನ್ನು ಅಳೆಯಬಹುದು ಎಂದು ವಿಜ್ಞಾನ ತೋರಿಸಿಕೊಟ್ಟದ್ದು ತೀರ ಈಚೆಗೆ, 1960ರ ನಂತರ. ಇವೆರಡರ ನಡುವೆ ಇನ್ನೊಂದು ಅಧ್ಯಾಯವಿದೆ. ಹಾರ್ಮೋನು ಎಂದರೇನೆಂದು ಗೊತ್ತಿಲ್ಲದವರು ಬರಿಗಣ್ಣಿನಿಂದ ನೋಡಿಯೇ ದುಡಿಯುವವರ ನಿದ್ದೆಗಾಗಿ ಹೋರಾಡಿದ ಅಧ್ಯಾಯ ಅದು. ಅದರ ಒಂದು ಮುಖ್ಯ ಪುಟ ನಾವಿರುವ ಈ ಊರಿನಲ್ಲೇ ಬರೆಯಲ್ಪಟ್ಟಿತು. ನವರಂಗಪುರದಿಂದ ಸಾಬರಮತಿ ದಾಟಿ ಪೂರ್ವಕ್ಕೆ ಹೋದರೆ ಇಂದಿಗೂ ಅಲ್ಲೊಂದು ಇಲ್ಲೊಂದು ಮಿಲ್ಲಿನ ಚಿಮಣಿ ಕಾಣುತ್ತದಲ್ಲ, ಕಥೆ ಶುರುವಾಗುವುದು ಅಲ್ಲಿಂದ.

ಅನಸೂಯಾ ಸಾರಾಭಾಯಿ ಹುಟ್ಟಿದ್ದು 1885ರಲ್ಲಿ, ಮಿಲ್ಲು ಮಾಲೀಕರ ಮನೆತನದಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು. ಹದಿಮೂರಕ್ಕೆ ಮದುವೆಯಾಯಿತು, ಆ ಮದುವೆ ನಿಲ್ಲಲಿಲ್ಲ. 1912ರಲ್ಲಿ ವೈದ್ಯಕೀಯ ಓದಲೆಂದು ಇಂಗ್ಲೆಂಡಿಗೆ ಹೋದರು. ಪ್ರಾಣಿಗಳನ್ನು ಕೊಯ್ದು ಕಲಿಯಬೇಕು ಎಂದಾಗ ಜೈನ ಮನಸ್ಸು ಒಪ್ಪದೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಮರು ವರ್ಷ ಊರಿಗೆ ಮರಳಿದ ಮೇಲೆ ನಡೆದದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಒಂದು ಬೆಳಿಗ್ಗೆ ಮನೆಯ ಅಂಗಳದಲ್ಲಿ ಕುಳಿತು ಮಕ್ಕಳ ತಲೆ ಬಾಚುತ್ತಿದ್ದರಂತೆ. ಹದಿನೈದು ಮಂದಿ ಕಾರ್ಮಿಕರ ಗುಂಪೊಂದು ಮಂಕು ಬಡಿದವರಂತೆ ಹಾದು ಹೋಗುತ್ತಿತ್ತು. ಪರಿಚಯವಿಲ್ಲದಿದ್ದರೂ ಕರೆದು ಏನಾಯಿತೆಂದು ಕೇಳಿದರು. ಮೂವತ್ತಾರು ಗಂಟೆ ಬಿಡುವಿಲ್ಲದೆ ದುಡಿದು ಬರುತ್ತಿದ್ದೇವೆ ಬೆನ್, ಎರಡು ರಾತ್ರಿ ಮತ್ತು ಒಂದು ಹಗಲು ಎಂದರು ಅವರು. ಕೇಳಿ ಅನಸೂಯಾಬೆನ್‌ಗೆ ಎದೆ ಧಸಕ್ಕೆಂದಿತು. ಹೆಂಗಸರು ಅನುಭವಿಸುವ ಗುಲಾಮಗಿರಿಗೂ ಇದಕ್ಕೂ ವ್ಯತ್ಯಾಸವೇನೂ ಇಲ್ಲ ಎಂದು ಅನ್ನಿಸಿತಂತೆ.

ಈ ಕೊನೆಯ ಮಾತನ್ನು ನಾನು ಹಲವು ಸಲ ಯೋಚಿಸಿದ್ದೇನೆ. ಕಾರ್ಮಿಕರ ದಣಿವನ್ನು ನೋಡಿ ಅವರಿಗೆ ಮೊದಲು ನೆನಪಾದದ್ದು ಮನೆಯೊಳಗಿನ ಹೆಂಗಸರ ಪಾಡು. ಮುಂದೆ ಅದೇ ಹೋಲಿಕೆಗೆ ನಾವು ಮರಳಿ ಬರಲೇಬೇಕಾಗುತ್ತದೆ.

1914ರಲ್ಲಿ ಅವರು ನೇಯ್ಗೆಯವರ ಮುಷ್ಕರಕ್ಕೆ ಮುಂದಾದರು. 1918ರದ್ದು ಎಲ್ಲರಿಗೂ ಗೊತ್ತಿರುವ ಮುಷ್ಕರ. ಒಂದು ಕಡೆ ತಮ್ಮ ಅಂಬಾಲಾಲ್ ಮಾಲೀಕರ ಪರವಾಗಿ, ಇನ್ನೊಂದು ಕಡೆ ಅಕ್ಕ ಅನಸೂಯಾ ಕಾರ್ಮಿಕರ ಜೊತೆ, ನಡುವೆ ಗಾಂಧೀಜಿ. ಮಾರ್ಚ್ 15ರಂದು ಗಾಂಧೀಜಿ ಉಪವಾಸಕ್ಕೆ ಕುಳಿತರು, ಮೂರು ದಿನದಲ್ಲಿ ಒಪ್ಪಂದವಾಯಿತು. 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು, ಅನಸೂಯಾಬೆನ್ ಎಲ್ಲರ ‘ಮೋಟಾಬೆನ್’ ಆದರು. 1962ರಲ್ಲಿ ಎರಿಕ್ ಎರಿಕ್‌ಸನ್ ಎಂಬ ಮನೋವಿಶ್ಲೇಷಕ ಅಮೆರಿಕದಿಂದ ಇಲ್ಲಿಗೆ ಬಂದವನು ಈ ಮುಷ್ಕರದ ಬೆನ್ನು ಹತ್ತಿ 1969ರಲ್ಲಿ ಗಾಂಧಿಯ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಗಾಂಧೀಜಿಯ ಮನಸ್ಸಿನ ಆಳಕ್ಕೆ ಇಳಿದವನ ಕಣ್ಣಿಗೆ ಕಾರ್ಮಿಕರ ನಿದ್ದೆ ಅಷ್ಟಾಗಿ ಬೀಳಲಿಲ್ಲ. ಅವನ ಆಸಕ್ತಿ ಬೇರೆ, ತಪ್ಪೇನಲ್ಲ.

ಮೂವತ್ತಾರು ಗಂಟೆಯ ಕೆಲಸ ಆಗ ಕಾನೂನುಬದ್ಧವಾಗಿತ್ತೇ? ಇಲ್ಲ. ಅಹಮದಾಬಾದಿನ ಮೊದಲ ಮಿಲ್ಲು ರಣಛೋಡಲಾಲ್ ಛೋಟಾಲಾಲರದು, 1861ರಲ್ಲಿ ತಿರುಗಲಾರಂಭಿಸಿತು. ಇಪ್ಪತ್ತು ವರ್ಷಗಳ ಮೇಲೆ, 1881ರಲ್ಲಿ, ಮೊದಲ ಫ್ಯಾಕ್ಟರಿ ಕಾಯಿದೆ ಬಂತು. ಅದರಲ್ಲಿ ದೊಡ್ಡವರ ಮಾತೇ ಇರಲಿಲ್ಲ, ಮಕ್ಕಳ ಬಗ್ಗೆ ಮಾತ್ರ. 1891ರ ಕಾಯಿದೆ ಹೆಂಗಸರಿಗೆ ದಿನಕ್ಕೆ 11 ಗಂಟೆ ಎಂದು ಮಿತಿ ಹಾಕಿತು, ರಾತ್ರಿ ಕೆಲಸಕ್ಕೂ ತಡೆ ಒಡ್ಡಿತು. 1911ರ ಕಾಯಿದೆ ಬಟ್ಟೆ ಮಿಲ್ಲುಗಳ ಗಂಡಸರಿಗೂ 12 ಗಂಟೆಯ ಮಿತಿ ಹಾಕಿತು. ಅಂದರೆ ಅನಸೂಯಾಬೆನ್ ಆ ಹದಿನೈದು ಮಂದಿಯನ್ನು ಕಂಡಾಗ ಪುಸ್ತಕದಲ್ಲಿ ಕಾನೂನು ಇತ್ತು. ಪುಸ್ತಕದಲ್ಲಿರುವುದಕ್ಕೂ ಮಿಲ್ಲಿನೊಳಗೆ ನಡೆಯುವುದಕ್ಕೂ ನಡುವೆ ಎಷ್ಟು ದೂರ ಎಂಬುದನ್ನು ಅವರ ನಡಿಗೆಯೇ ಹೇಳುತ್ತಿತ್ತು.

ಇದರಲ್ಲಿ ದೀಪದ ಪಾತ್ರವೂ ದೊಡ್ಡದು. ಹೊತ್ತು ಮುಳುಗಿದರೆ ನೂಲು ಕಾಣದು, ಮಗ್ಗ ನಿಲ್ಲಬೇಕು. ವಿದ್ಯುದ್ದೀಪ ಬಂದ ಮೇಲೆ ಆ ಸಹಜ ಬೇಲಿ ಕಿತ್ತುಹೋಯಿತು. ಕನ್ನಡಿಗರಾದ ನಾವು ಶಿವನಸಮುದ್ರದ ಹೆಸರನ್ನು ಹೆಮ್ಮೆಯಿಂದ ಹೇಳುತ್ತೇವೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿತು. ಹೆಮ್ಮೆ ಪಡಬೇಕಾದದ್ದೇ. ಆದರೆ ಅದೇ ಕಾಲದಲ್ಲಿ ದೇಶದ ಮಿಲ್ಲುಗಳಲ್ಲಿ ಕೆಲಸದ ದಿನ ಹಿಗ್ಗಿ ಹಿಗ್ಗಿ ಹದಿನಾಲ್ಕು ಹದಿನೈದು ಗಂಟೆಗೆ ಮುಟ್ಟಿತ್ತು. ಬೆಳಕು ಬರಿಯ ಕಣ್ಣಿಗಲ್ಲ, ಮಿದುಳಿನ ಆಳದಲ್ಲಿ ರಾತ್ರಿಯ ಸುದ್ದಿ ಹರಡುವ ಮೆಲಟೋನಿನ್ ಎಂಬ ಹಾರ್ಮೋನಿಗೂ ತಡೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಮೆಲಟೋನಿನ್ ಪತ್ತೆಯಾದದ್ದು 1958ರಲ್ಲಿ, ಪ್ರಖರ ಬೆಳಕು ಮನುಷ್ಯರಲ್ಲಿ ಅದನ್ನು ಅಡಗಿಸುತ್ತದೆ ಎಂದು ಸಿದ್ಧವಾದದ್ದು 1980ರಲ್ಲಿ.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಮೊದಲ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಹೆಂಗಸರ ರಾತ್ರಿ ಕೆಲಸದ ಬಗ್ಗೆ ಒಂದು ಒಡಂಬಡಿಕೆ ಮಾಡಿತು. ರಾತ್ರಿ ಎಂದರೇನು ಎಂದು ಅದು ವಿವರಿಸಿದ ರೀತಿ ನನಗೆ ಇಷ್ಟ: ಸತತವಾಗಿ ಕನಿಷ್ಠ 11 ಗಂಟೆಗಳ ಅವಧಿ, ಅದರೊಳಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗಿನ ಹೊತ್ತು ಸೇರಿರಲೇಬೇಕು. ಭಾರತ 1921ರಲ್ಲಿ ಇದನ್ನು ಒಪ್ಪಿಕೊಂಡಿತು. 1922ರ ಕಾಯಿದೆ ವಾರಕ್ಕೆ 60 ಗಂಟೆ ಎಂದಿತು, 1934ರದ್ದು 54 ಎಂದಿತು. ಸ್ವಾತಂತ್ರ್ಯ ಬಂದ ಮರು ವರ್ಷ, 1948ರ ಸೆಪ್ಟೆಂಬರ್ 23ರಂದು, ಇಂದು ನಮಗೆ ಗೊತ್ತಿರುವ ಫ್ಯಾಕ್ಟರಿ ಕಾಯಿದೆ ಆಯಿತು: ವಾರಕ್ಕೆ 48 ಗಂಟೆ, ಹೆಂಗಸರಿಗೆ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಕೆಲಸವಿಲ್ಲ, ಸರಕಾರ ಎಷ್ಟು ಸಡಿಲಿಸಿದರೂ ಹತ್ತರಿಂದ ಐದರವರೆಗೆ ಖಂಡಿತ ಇಲ್ಲ.

ಆ ತಾರೀಖನ್ನು ನೆನಪಿಡಿ. ಅದಕ್ಕೆ ಎರಡೇ ದಿನ ಮೊದಲು, ಸೆಪ್ಟೆಂಬರ್ 21ರಂದು, ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಸಂಧಿವಾತದಿಂದ ಏಳಲಾರದೆ ಮಲಗಿದ್ದ ಒಬ್ಬ ತರುಣಿಗೆ ಫಿಲಿಪ್ ಹೆಂಚ್ ಎಂಬ ವೈದ್ಯರು ಹೊಸದೊಂದು ಔಷಧಿಯ ಸೂಜಿ ಚುಚ್ಚಿಸಿದ್ದರು. ಅದು ಅಡ್ರಿನಲ್ ಗ್ರಂಥಿಯ ರಸವಸ್ತು, ಮುಂದೆ ಕಾರ್ಟಿಸೋನ್ ಎಂದು ಹೆಸರಾದದ್ದು. ಹಾಸಿಗೆ ಹಿಡಿದಿದ್ದಾಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಗರ್ಭಿಣಿಯರಲ್ಲಿ ಸಂಧಿವಾತ ತಾನಾಗಿ ಶಮನವಾಗುವುದನ್ನು ವರ್ಷಗಟ್ಟಲೆ ಗಮನಿಸಿದ್ದರಿಂದಲೇ ಹೆಂಚ್ ಈ ದಾರಿ ಹಿಡಿದದ್ದು. ಕೆಂಡಾಲ್ ಮತ್ತು ರೈಕ್‌ಸ್ಟೈನ್ ಎಂಬ ರಸಾಯನ ವಿಜ್ಞಾನಿಗಳ ಜೊತೆ ಅವರಿಗೆ 1950ರಲ್ಲಿ ನೊಬೆಲ್ ಬಂತು. ಆದರೆ ಈ ಔಷಧಿ ತೆಗೆದುಕೊಂಡವರಲ್ಲಿ ಹಲವರಿಗೆ ರಾತ್ರಿ ನಿದ್ದೆಯೇ ಹತ್ತುತ್ತಿರಲಿಲ್ಲ. ಉಬ್ಬಸಕ್ಕೋ ಚರ್ಮದ ಕಾಯಿಲೆಗೋ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ ಇದು ಗೊತ್ತು. ಬೆಳಿಗ್ಗೆ ತಿಂಡಿಯಾದ ಮೇಲೆ ತೆಗೆದುಕೊಳ್ಳಿ ಎಂದು ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ.

‘ಒತ್ತಡ’ ಎಂಬ ಮಾತು ವೈದ್ಯಕೀಯಕ್ಕೆ ಬಂದದ್ದು ಇದಕ್ಕಿಂತ ಸ್ವಲ್ಪ ಮೊದಲು, ಅನಸೂಯಾಬೆನ್ ಬೇಡವೆಂದು ಬಿಟ್ಟುಬಂದ ಪ್ರಾಣಿಪ್ರಯೋಗದ ದಾರಿಯಲ್ಲೇ. ಹಾನ್ಸ್ ಸೆಲ್ಯೆ ಎಂಬ ತರುಣ ಕೆನಡಾದ ಮಾಂಟ್ರಿಯಲ್‌ನಲ್ಲಿ ಹೆಣ್ಣಿನ ಹೊಸ ಹಾರ್ಮೋನೊಂದನ್ನು ಹುಡುಕುತ್ತಿದ್ದ. ಅಂಡಾಶಯದ ರಸವನ್ನು ಇಲಿಗಳಿಗೆ ಚುಚ್ಚಿದರೆ ಅವುಗಳ ಅಡ್ರಿನಲ್ ಊದಿಕೊಳ್ಳುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ಹಾರ್ಮೋನು ಸಿಕ್ಕೇಬಿಟ್ಟಿತು ಎಂದುಕೊಂಡ. ಆಮೇಲೆ ಫಾರ್ಮಲಿನ್ ಚುಚ್ಚಿ ನೋಡಿದರೆ ಅದೂ ಹಾಗೇ ಮಾಡಿತು! ಚಳಿಯಲ್ಲಿಟ್ಟರೂ, ಸುಸ್ತಾಗುವಂತೆ ಓಡಿಸಿದರೂ ಅದೇ. ಬೇಸರಪಟ್ಟು ಬಿಟ್ಟುಬಿಡಬಹುದಿತ್ತು. ಬಿಡದೆ, ಕಷ್ಟ ಯಾವುದೇ ಇರಲಿ, ದೇಹ ಅದಕ್ಕೆ ಒಂದೇ ಬಗೆಯಲ್ಲಿ ಉತ್ತರ ಕೊಡುತ್ತದೆ ಎಂದು 1936ರ ಜುಲೈನಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದ. (ಇದೇ ಸೆಲ್ಯೆ ಮುಂದೆ ತಂಬಾಕು ಕಂಪನಿಗಳಿಂದ ಹಣ ಪಡೆದು ಅವರ ಪರವಾಗಿ ಮಾತನಾಡಿದ್ದೂ ಚರಿತ್ರೆಯೇ.)

ದೇಹದ ಉತ್ತರ ಹೀಗೆ ಸಾಗುತ್ತದೆ. ಆತಂಕದ ಸುದ್ದಿ ಮಿದುಳಿನ ಹೈಪೋಥಲಾಮಸ್‌ಗೆ ಮುಟ್ಟುತ್ತದೆ. ಅದು ಪಕ್ಕದ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್‌ಗೆ ಹೇಳಿಕಳಿಸುತ್ತದೆ, ಅಡ್ರಿನಲ್ ಕಾರ್ಟಿಸೋಲ್ ಸುರಿಸುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ, ದೇಹ ಓಡಲು ಸಿದ್ಧವಾಗುತ್ತದೆ. ಹುಲಿ ಬಂದರೆ ಒಳ್ಳೆಯದೇ. ಮಗಳ ಬೋರ್ಡ್ ಪರೀಕ್ಷೆಗೆ, ಊರಿನಲ್ಲಿ ಒಬ್ಬರೇ ಇರುವ ಅಮ್ಮನ ಬಿ.ಪಿ.ಗೆ ಓಡಿ ಪ್ರಯೋಜನವಿಲ್ಲ. ಆದರೆ ದೇಹ ಹುಲಿಗೂ ಬಿ.ಪಿ.ಗೂ ಭೇದ ಎಣಿಸುವುದಿಲ್ಲ.

ಇದೆಲ್ಲ ರಾತ್ರಿ ಹೊತ್ತು ಏನಾಗುತ್ತದೆ ಎಂದು ತಿಳಿಯಲು ಒಂದು ತೊಡಕಿತ್ತು. ರಕ್ತದಲ್ಲಿ ಹಾರ್ಮೋನು ಇರುವುದು ಅತ್ಯಲ್ಪ. ಅದನ್ನು ಅಳೆಯುವ ವಿಧಾನವನ್ನು ಕೊಟ್ಟವರು ಒಬ್ಬ ಮಹಿಳೆ, ನ್ಯೂಯಾರ್ಕಿನ ಬ್ರಾಂಕ್ಸ್‌ನ ರೋಸಲಿನ್ ಯಾಲೊ. ಓದಿದ್ದು ಭೌತವಿಜ್ಞಾನ. ಸಾಲೊಮನ್ ಬರ್ಸನ್ ಎಂಬ ವೈದ್ಯರ ಜೊತೆ ಸೇರಿ ವಿಕಿರಣದ ಗುರುತು ಹಚ್ಚಿ ಹಾರ್ಮೋನು ಎಣಿಸುವ ಉಪಾಯವನ್ನು 1950ರ ದಶಕದ ಕೊನೆಗೆ ಸಿದ್ಧಪಡಿಸಿದರು. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರಲ್ಲಿ ಯಾಲೊಗೆ ನೊಬೆಲ್ ಬಂದಾಗ ವೈದ್ಯಕೀಯದಲ್ಲಿ ಅದನ್ನು ಪಡೆದ ಎರಡನೆಯ ಮಹಿಳೆ ಅವರು. ಇಂದು ನಮ್ಮ ಥೈರಾಯ್ಡ್ ರಿಪೋರ್ಟಿನಲ್ಲಿ ಟಿ.ಎಸ್.ಎಚ್. ಎಂದು ಬರುವ ಸಂಖ್ಯೆಯ ಹಿಂದೆ ಇರುವ ವಂಶವೃಕ್ಷದ ಬುಡದಲ್ಲಿ ಈ ಹೆಂಗಸು ಕುಳಿತಿದ್ದಾರೆ.

ಅಳೆಯಲು ಬಂತಲ್ಲ, ಮಲಗಿದವರ ತೋಳಿಗೆ ತೆಳ್ಳಗಿನ ನಳಿಕೆ ಇಟ್ಟು ರಾತ್ರಿಯಿಡೀ ಆಗಾಗ ರಕ್ತ ತೆಗೆದು ನೋಡಲು ಶುರುಮಾಡಿದರು. 1968ರಲ್ಲಿ ತಾಕಾಹಾಶಿ ಮತ್ತು ಜೊತೆಯವರು ಕಂಡದ್ದು: ನಿದ್ದೆ ಹತ್ತಿದ ಮೊದಲ ಒಂದೆರಡು ಗಂಟೆಯಲ್ಲೇ, ಗಾಢ ನಿದ್ದೆಯ ಜೊತೆಜೊತೆಗೆ, ಬೆಳವಣಿಗೆಯ ಹಾರ್ಮೋನು ಒಮ್ಮೆಗೇ ಏರುತ್ತದೆ. ಮಲಗುವುದನ್ನು ಮುಂದೂಡಿದರೆ ಆ ಏರಿಕೆಯೂ ಮುಂದಕ್ಕೆ ಹೋಯಿತು. ಹೆಸರು ಬೆಳವಣಿಗೆಯದಾದರೂ ದೊಡ್ಡವರಲ್ಲಿ ಅದರ ಕೆಲಸ ರಿಪೇರಿ. ಸವೆದ ಸ್ನಾಯು, ಮೂಳೆ ಸರಿಪಡಿಸುವುದು, ಕೊಬ್ಬು ಕರಗಿಸುವುದು. 1971ರಲ್ಲಿ ವೈಟ್ಸ್‌ಮನ್ ಮತ್ತು ಜೊತೆಯವರು ಕಾರ್ಟಿಸೋಲ್‌ನ ಇಪ್ಪತ್ತನಾಲ್ಕು ಗಂಟೆಯ ನಕ್ಷೆ ಬಿಡಿಸಿದರು. ಅದು ನಲ್ಲಿಯ ಹಾಗೆ ಒಂದೇ ಸಮ ಸುರಿಯುವುದಿಲ್ಲ, ಕಂತು ಕಂತಾಗಿ ಬರುತ್ತದೆ. ಮಧ್ಯರಾತ್ರಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಮೌನ. ಬೆಳಗಿನ ಜಾವ ಕಂತುಗಳು ದಟ್ಟವಾಗಿ, ಏಳುವ ಹೊತ್ತಿಗೆ ಶಿಖರ ಮುಟ್ಟುತ್ತದೆ. 1972ರಲ್ಲಿ ಪ್ರೊಲ್ಯಾಕ್ಟಿನ್ ಕೂಡ ನಿದ್ದೆಯಲ್ಲಿ ಏರುತ್ತದೆ ಎಂದು ಗೊತ್ತಾಯಿತು. ಹಾಲೂಡಿಸುವುದಕ್ಕೆ ಬೇಕಾದ ಹಾರ್ಮೋನು ಅದು. ರಾತ್ರಿ ಹಾಲು ಕುಡಿಸುವುದನ್ನು ಬಿಡಿಸಬೇಡ, ಹಾಲು ಬತ್ತುತ್ತದೆ ಎಂದು ಬಾಣಂತಿಗೆ ಹಿರಿಯರು ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ.

ಅಂದರೆ ರಾತ್ರಿಯ ಮೊದಲರ್ಧ ರಿಪೇರಿಯವರ ಪಾಳಿ, ಕೊನೆಯರ್ಧ ಎಬ್ಬಿಸುವವರ ಪಾಳಿ. ಒತ್ತಡ ಮಾಡುವ ಕಿತಾಪತಿ ಎಂದರೆ ಎಬ್ಬಿಸುವವರನ್ನು ಹೊತ್ತಿಗೆ ಮುಂಚೆ ಒಳಗೆ ಬಿಡುವುದು. ಕಾರ್ಟಿಸೋಲ್‌ಗೆ ಆಜ್ಞೆ ಹೊರಡಿಸುವ ಹೈಪೋಥಲಾಮಸ್‌ನ ಹಾರ್ಮೋನನ್ನು 1981ರಲ್ಲಿ ಗುರುತಿಸಿದರು. ಅದೇ ಹಾರ್ಮೋನು ಗಾಢ ನಿದ್ದೆಯನ್ನೂ ತೆಳುಮಾಡುತ್ತದೆ. ಗಾಢ ನಿದ್ದೆ ತೆಳುವಾದರೆ ಅದರ ಬೆನ್ನಿಗಿದ್ದ ರಿಪೇರಿಯೂ ಕುಂಟುತ್ತದೆ. ನಿದ್ದೆಗೆಟ್ಟದ್ದರಿಂದ ಮರುದಿನ ಸಂಜೆ ಕಾರ್ಟಿಸೋಲ್ ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಆ ರಾತ್ರಿಯೂ ಕೆಡುತ್ತದೆ. ಸಾಲದ ಮೇಲೆ ಬಡ್ಡಿ ಏರಿದ ಹಾಗೆ.

ಈ ಸಾಲದ ಲೆಕ್ಕವನ್ನು 1999ರಲ್ಲಿ ಕಾರೀನ್ ಸ್ಪೀಗಲ್, ಈವ್ ವಾನ್ ಕೌಟರ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ತಮ್ಮ ಜೊತೆಯವರೊಂದಿಗೆ ಷಿಕಾಗೋದಲ್ಲಿ ಮಾಡಿದರು. ಆರೋಗ್ಯವಂತ ತರುಣರನ್ನು ಆರು ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಿಸಿದರು. ಅಷ್ಟಕ್ಕೇ ಅವರ ದೇಹಕ್ಕೆ ಸಕ್ಕರೆಯನ್ನು ನಿಭಾಯಿಸುವುದು ಕಷ್ಟವಾಯಿತು, ಸಂಜೆಯ ಕಾರ್ಟಿಸೋಲ್ ಏರಿತು. ಮತ್ತೆ ಚೆನ್ನಾಗಿ ಮಲಗಲು ಬಿಟ್ಟ ಮೇಲೆ ಸುಧಾರಿಸಿದರು. ಎರಡು ರಾತ್ರಿ ಮತ್ತು ಒಂದು ಹಗಲು ದುಡಿದು ಬಂದ ಹದಿನೈದು ಮಂದಿಯ ರಕ್ತದಲ್ಲಿ ಏನು ನಡೆದಿತ್ತು ಎಂಬುದಕ್ಕೆ ಹತ್ತಿರದ ಉತ್ತರ ಸಿಗಲು ಎಂಬತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಷ್ಟರೊಳಗೆ ಅವರ ಪರವಾದ ಕಾಯಿದೆ ಆಗಿ ಐವತ್ತು ವರ್ಷ ಕಳೆದಿತ್ತು. ಕಣ್ಣಿಗೆ ಕಂಡದ್ದನ್ನು ನಂಬಲು ರಕ್ತಪರೀಕ್ಷೆಗೆ ಕಾಯಲಿಲ್ಲ ಮೋಟಾಬೆನ್.

ಷಿಕಾಗೋದ ಆ ಪ್ರಯೋಗದಲ್ಲಿ ಇದ್ದದ್ದು ಹನ್ನೊಂದು ಮಂದಿ, ಹನ್ನೊಂದೂ ಗಂಡಸರು. ಮಾಡಿದವರು ಹೆಂಗಸರಾದರೂ ಮಲಗಿದವರು ಗಂಡಸರು. ಇದು ಆ ಒಂದು ಪ್ರಯೋಗದ ದೋಷವಲ್ಲ, ಆ ಕಾಲದ ರೂಢಿಯೇ ಹಾಗಿತ್ತು. ತಿಂಗಳ ಮುಟ್ಟಿನ ಏರಿಳಿತದಿಂದ ಲೆಕ್ಕ ಕೆಡುತ್ತದೆ ಎಂದು ಹೆಂಗಸರನ್ನು ಹೊರಗಿಡುತ್ತಿದ್ದರು. ಹಾಗಾಗಿ ರಾತ್ರಿಯ ಹಾರ್ಮೋನಿನ ಪಾಠಗಳಲ್ಲಿ ಬಹಳಷ್ಟು ಗಂಡಸಿನ ದೇಹದಿಂದ ಕಲಿತದ್ದು. ಬೆಳವಣಿಗೆಯ ಹಾರ್ಮೋನಿನ ವಿಷಯದಲ್ಲೇ ನೋಡಿ: ಗಂಡಸರಲ್ಲಿ ದಿನದ ಬಹುಪಾಲು ಆ ಮೊದಲ ನಿದ್ದೆಯಲ್ಲಿ ಬಂದರೆ, ಹೆಂಗಸರಲ್ಲಿ ಅದು ಹಗಲಿಗೂ ಹರಡಿಕೊಂಡಿರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಡುರಾತ್ರಿ ಮೈ ಬಿಸಿಯೇರಿ ಬೆವರಿ ಎಚ್ಚರವಾಗುವುದು ಹನ್ನೊಂದು ತರುಣರಲ್ಲಿ ಕಾಣುವ ಸಂಗತಿಯೇ ಅಲ್ಲ.

ಇದರ ಬೆಲೆ ಏನೆಂದು ತಿಳಿಯಬೇಕಾದರೆ ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆಯ ಕಥೆ ಕೇಳಬೇಕು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣ, 10 ಮಿಲಿಗ್ರಾಂ. ಹೆಂಗಸರ ದೇಹದಿಂದ ಅದು ನಿಧಾನವಾಗಿ ಹೊರಹೋಗುತ್ತದೆ, ಬೆಳಿಗ್ಗೆ ಕಾರು ಓಡಿಸುವ ಹೊತ್ತಿಗೂ ರಕ್ತದಲ್ಲಿ ಉಳಿದಿರುತ್ತದೆ ಎಂದು ಹೆಂಗಸರ ಪ್ರಮಾಣವನ್ನು 5ಕ್ಕೆ ಇಳಿಸಿದ್ದು 2013ರ ಜನವರಿಯಲ್ಲಿ. ನಡುವೆ ಇಪ್ಪತ್ತು ವರ್ಷ. ಪಕ್ಕದ ಮನೆಯವರೋ ಯಜಮಾನರೋ ತೆಗೆದುಕೊಳ್ಳುವ ಮಾತ್ರೆಯಲ್ಲೇ ಒಂದನ್ನು ನುಂಗಿ ಮಲಗುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಅವರಿಗಾಗಿ ಇಷ್ಟು ವಿವರ ಬರೆದೆ.

ಇನ್ನೊಂದು ಪ್ರಯೋಗ ನನಗೆ ಬಹಳ ಪ್ರಿಯವಾದದ್ದು. ಅದೂ 1999ರದ್ದೇ, ಜರ್ಮನಿಯ ಲ್ಯೂಬೆಕ್‌ನಲ್ಲಿ ಯಾನ್ ಬಾರ್ನ್ ಮತ್ತು ಜೊತೆಯವರು ಮಾಡಿದ್ದು. ಮಲಗುವವರಿಗೆ ಒಂದು ರಾತ್ರಿ, ನಾಳೆ ಆರಕ್ಕೆ ಎಬ್ಬಿಸುತ್ತೇವೆ ಎಂದರು. ಇನ್ನೊಂದು ರಾತ್ರಿ ಒಂಬತ್ತಕ್ಕೆ ಎಂದು ಹೇಳಿ ಹೇಳದೆಕೇಳದೆ ಆರಕ್ಕೇ ಎಬ್ಬಿಸಿದರು. ಆರಕ್ಕೆ ಏಳಬೇಕೆಂದು ಗೊತ್ತಿದ್ದ ರಾತ್ರಿ ಐದರಿಂದಲೇ ಅವರ ಪಿಟ್ಯುಟರಿ ಅಡ್ರಿನಲ್‌ಗೆ ಆಜ್ಞೆ ಕಳಿಸತೊಡಗಿತ್ತು. ಒಂಬತ್ತು ಎಂದುಕೊಂಡು ಮಲಗಿದ ರಾತ್ರಿ ಹಾಗಾಗಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದಾಗಲೂ ಒಳಗೆ ಯಾರೋ ಗಡಿಯಾರ ನೋಡುತ್ತಿರುತ್ತಾರೆ!

ಇದನ್ನು ಓದಿದಾಗ ನನಗೆ ನಮ್ಮ ಮನೆಗಳೇ ನೆನಪಾದವು. ನಲ್ಲಿ ನೀರು ಬಿಡುವ ಹೊತ್ತು, ಶಾಲೆಯ ವ್ಯಾನು, ಎರಡು ಮೂರು ಡಬ್ಬಿ, ಅತ್ತೆಯವರ ಮಾತ್ರೆ. ಅಲಾರಂ ಐದಕ್ಕಿದ್ದರೂ ನಾಲ್ಕೂವರೆಗೇ ಎಚ್ಚರವಾಗಿ ಮಲಗಿರುವುದನ್ನು ನಾವು ಅಭ್ಯಾಸಬಲ ಎನ್ನುತ್ತೇವೆ. ನಸುಕಿನಲ್ಲೇ ಎದ್ದು ರುಬ್ಬಿ, ಬೇಯಿಸಿ ಊರಿಗೆಲ್ಲ ಇಡ್ಲಿ ಉಣಿಸುವ ನಮ್ಮ ಉಡುಪಿ ಹೋಟೆಲುಗಳ ಅಡುಗೆಮನೆಯವರೂ ಹೀಗೇ. 2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ ಭೂಮಿ ನಡುಗಿದ ಮೇಲೆ ಈ ಊರಿನ ಬಹುಮಹಡಿ ಕಟ್ಟಡಗಳವರು ಎಷ್ಟೋ ರಾತ್ರಿ ಕೆಳಗೆ ಬಯಲಲ್ಲಿ ಹಾಸಿಕೊಂಡು ಮಲಗಿದ್ದರಲ್ಲ, ಮನೆಯೊಳಗೆ ಮಲಗುವ ಧೈರ್ಯ ಬಂದ ಮೇಲೂ ಎಷ್ಟೋ ಜನ ಫ್ಯಾನು ಸ್ವಲ್ಪ ಅಲುಗಿದರೂ ದಡಕ್ಕನೆ ಏಳುತ್ತಿದ್ದರು. ಆ ಒಳಗಿನ ಕಾವಲುಗಾರನಿಗೆ ರಜೆ ಕೊಡುವುದು ಸುಲಭವಲ್ಲ.

ಮಿಲ್ಲಿನ ಹೆಂಗಸಿಗೆ ಹತ್ತರಿಂದ ಐದು ಎಂದು ಕಾನೂನು ಗೆರೆ ಎಳೆಯಿತು. ಮನೆಯ ಹೆಂಗಸಿಗೆ ಯಾರು ಎಳೆಯಬೇಕು? ಕೊನೇ ಪಕ್ಷ ಎಣಿಸಿಯಾದರೂ ನೋಡೋಣ ಎಂದು ಹೊರಟವರಲ್ಲಿ ನಮ್ಮ ಊರಿನವರೇ ಮುಂದಿದ್ದರು. 1998-99ರಲ್ಲಿ ದೇಶದ ಆರು ರಾಜ್ಯಗಳಲ್ಲಿ ಮೊದಲ ಬಾರಿಗೆ ದೊಡ್ಡ ಪ್ರಮಾಣದ ಸಮಯ ಬಳಕೆಯ ಸಮೀಕ್ಷೆ ನಡೆಯಿತು. ಗುಜರಾತ್ ಆ ಆರರಲ್ಲಿ ಒಂದು. ಅದರ ತಾಂತ್ರಿಕ ಸಮಿತಿಯ ಅಧ್ಯಕ್ಷತೆ ಅಹಮದಾಬಾದಿನ ಅರ್ಥಶಾಸ್ತ್ರಜ್ಞೆ ಇಂದಿರಾ ಹಿರವೇ ಅವರದು. ಇಡೀ ದೇಶದ ಸಮೀಕ್ಷೆ 2019ರಲ್ಲಿ ಆಯಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು 97 ನಿಮಿಷ. ಸಮೀಕ್ಷೆಯ ದಿನ ಬೆಳಗಿನ ನಾಲ್ಕಕ್ಕೆ ಶುರುವಾಗಿ ಮರುದಿನದ ನಾಲ್ಕಕ್ಕೆ ಮುಗಿಯುತ್ತದೆ. ಈ ನಾಲ್ಕು ಗಂಟೆ ಎಂಬುದನ್ನು ಆರಿಸಿದವರಿಗೆ ಭಾರತದ ಅಡುಗೆಮನೆ ಚೆನ್ನಾಗಿ ಗೊತ್ತಿತ್ತು. ಆದರೂ ಅರ್ಧರ್ಧ ಗಂಟೆಯ ಆ ಪಟ್ಟಿಯಲ್ಲಿ, ರಾತ್ರಿ ಎರಡಕ್ಕೆ ಎದ್ದು ಮಗುವಿಗೆ ಹೊದಿಸಿ, ಮಾವನವರನ್ನು ಬಚ್ಚಲಿಗೆ ಕರೆದೊಯ್ದು ಬಂದ ಐದು ನಿಮಿಷ ಎಲ್ಲೂ ದಾಖಲಾಗುವುದಿಲ್ಲ. ದಾಖಲಾಗುವುದು ‘ನಿದ್ದೆ’ ಎಂದೇ. ಸಮೀಕ್ಷೆಗೆ ಅದು ಐದು ನಿಮಿಷ, ಗಾಢ ನಿದ್ದೆಗೆ ಮತ್ತೆ ಮೊದಲಿಂದ ಮೆಟ್ಟಿಲಿಳಿಯುವ ಕೆಲಸ.

ಹಾಗಾದರೆ ಮದ್ದೇನು ಎಂದು ಕೇಳುವವರಿಗೆ ಕನ್ನಡ ನಾಡಿನಿಂದ ಒಂದು ಸುದ್ದಿ. ಚರಕ ಆಹಾರ, ಬ್ರಹ್ಮಚರ್ಯದ ಜೊತೆ ನಿದ್ದೆಯನ್ನೂ ದೇಹದ ಮೂರು ಆಧಾರಗಳಲ್ಲಿ ಒಂದೆಂದು ಎಣಿಸಿದ್ದಾನೆ. ಆ ಹಳೆಯ ತಿಳಿವಳಿಕೆಯನ್ನು ಯಂತ್ರದ ಮುಂದೆ ನಿಲ್ಲಿಸಿ ನೋಡಿದವರು ಬೆಂಗಳೂರಿನ ನಿಮ್ಹಾನ್ಸ್‌ನವರು. ಬಿಂದು ಕುಟ್ಟಿ ಮತ್ತು ಜೊತೆಯವರು 2006 ಮತ್ತು 2010ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ವರ್ಷಗಳಿಂದ ವಿಪಸ್ಸನ ಮಾಡುತ್ತಿದ್ದವರ ಗಾಢ ನಿದ್ದೆ ನಡುವಯಸ್ಸಿನಲ್ಲೂ ಅಷ್ಟಾಗಿ ಕುಗ್ಗಿರಲಿಲ್ಲ. 2013ರಲ್ಲಿ ಅಲ್ಲಿಯ ಮನೋವೈದ್ಯರು ಖಿನ್ನತೆಯಿದ್ದವರಲ್ಲಿ ಯೋಗಾಭ್ಯಾಸದ ಜೊತೆ ಕಾರ್ಟಿಸೋಲ್ ಇಳಿದದ್ದನ್ನು ವರದಿ ಮಾಡಿದರು. ಒಳ್ಳೆಯ ಸುದ್ದಿಯೇ. ಆದರೆ ವರ್ಷಗಟ್ಟಲೆ ದಿನಾ ಕಣ್ಣು ಮುಚ್ಚಿ ಕೂರಲು ಹೊತ್ತು ಸಿಕ್ಕವರ ಮನೆಯಲ್ಲಿ ಆ ಹೊತ್ತು ಹಾಲು ಕಾಯಿಸಿದವರು ಯಾರು ಎಂದೂ ಕೇಳಬೇಕಾಗುತ್ತದೆ.

ಕಾನೂನಿನ ಕಥೆ ಈಚೆಗೆ ದಿಕ್ಕು ಬದಲಿಸಿದೆ. ರಾತ್ರಿ ಕೆಲಸದ ನಿಷೇಧ ಹೆಂಗಸರನ್ನು ಕಾಪಾಡಿದ್ದೂ ಹೌದು, ಅವರಿಗೆ ಕೆಲಸ ಕೊಡದಿರಲು ಮಾಲೀಕರಿಗೆ ನೆಪವಾದದ್ದೂ ಹೌದು. ಅಹಮದಾಬಾದಿನ ಮಿಲ್ಲುಗಳಲ್ಲಿ ಹೆಂಗಸರ ಸಂಖ್ಯೆ ದಶಕದಿಂದ ದಶಕಕ್ಕೆ ಕರಗುತ್ತಾ ಬಂತು. ಮಜೂರ್ ಮಹಾಜನದ ಮಹಿಳಾ ವಿಭಾಗದಲ್ಲಿದ್ದ ಇಳಾ ಭಟ್ 1972ರಲ್ಲಿ ‘ಸೇವಾ’ ಕಟ್ಟಿದ್ದು ಮಿಲ್ಲಿನ ಹೊರಗೆ, ಮನೆಯಲ್ಲಿ, ಬೀದಿಯಲ್ಲಿ ದುಡಿಯುವ ಹೆಂಗಸರಿಗಾಗಿ. ಅನಸೂಯಾಬೆನ್ ತೀರಿಕೊಂಡದ್ದೂ ಅದೇ ವರ್ಷ. ನಿಷೇಧದ ಆ ಕಲಮನ್ನು 2000ದಲ್ಲಿ ಮದರಾಸು ಹೈಕೋರ್ಟ್, 2013ರಲ್ಲಿ ಗುಜರಾತ್ ಹೈಕೋರ್ಟ್ ಅಸಿಂಧುಗೊಳಿಸಿದವು. ಕರ್ನಾಟಕ ಸರಕಾರ 2019ರ ನವೆಂಬರಿನಲ್ಲಿ ಷರತ್ತುಗಳೊಂದಿಗೆ ಫ್ಯಾಕ್ಟರಿಗಳಲ್ಲಿ ಹೆಂಗಸರ ರಾತ್ರಿಪಾಳಿಗೆ ಅನುಮತಿ ಕೊಟ್ಟಿತು. ಸಮಾನತೆಯ ದೃಷ್ಟಿಯಿಂದ ಇದು ಸರಿಯೇ ಎಂದು ನನ್ನ ಅಭಿಪ್ರಾಯ. ಆದರೆ ಷರತ್ತುಗಳಲ್ಲಿ ಬಸ್ಸು, ಸಿ.ಸಿ.ಟಿ.ವಿ., ಕಾವಲಿನ ಮಾತೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ದೇಹದ ಗಡಿಯಾರ ಕೆಡಿಸುವ ಪಾಳಿ ಕೆಲಸವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ಪಟ್ಟಿಗೆ ಸೇರಿಸಿತು, 2019ರಲ್ಲಿ ಅದನ್ನೇ ಮತ್ತೆ ಹೇಳಿತು. ಸೂರತ್ತಿನ ಪವರ್‌ಲೂಮುಗಳಲ್ಲಿ ಹನ್ನೆರಡು ಗಂಟೆಯ ಪಾಳಿ ಇಂದಿಗೂ ಮಾಮೂಲು. ಅಲ್ಲಿ ಮಗ್ಗದ ಮುಂದೆ ನಿಲ್ಲುವವರು ಬಹುತೇಕ ಒಡಿಶಾದಿಂದ ಬಂದ ಗಂಡಸರು. ಅವರ ರಾತ್ರಿಗೂ ಯಾರಾದರೂ ಅಂಗಳದಲ್ಲಿ ಕುಳಿತು ಕರೆದು ಕೇಳಬೇಕು.

ಕೊನೆಗೊಂದು ಸಣ್ಣ ವಿಷಯ, ಪ್ರಯೋಜನಕ್ಕೆ ಬರಬಹುದು. ಲ್ಯಾಬಿನಲ್ಲಿ ಕಾರ್ಟಿಸೋಲ್ ಪರೀಕ್ಷೆಗೆ ಬರೆದುಕೊಟ್ಟರೆ ಬೆಳಿಗ್ಗೆ ಎಂಟರ ಸುಮಾರಿಗೆ ಬನ್ನಿ ಎನ್ನುತ್ತಾರೆ. 1971ರ ಆ ನಕ್ಷೆಯ ಶಿಖರದ ಹತ್ತಿರ ರಕ್ತ ಸಿಗಲಿ ಎಂದು. ಟಿ.ಎಸ್.ಎಚ್. ಕೂಡ ರಾತ್ರಿ ಏರಿ ಹಗಲು ಇಳಿಯುವಂಥದ್ದು. ಒಂದು ಸಲ ಬೆಳಿಗ್ಗೆ, ಇನ್ನೊಂದು ಸಲ ಮಧ್ಯಾಹ್ನ ಕೊಟ್ಟು ಎರಡು ಸಂಖ್ಯೆಗಳನ್ನು ಹೋಲಿಸಿ ಗಾಬರಿಯಾಗಬೇಡಿ. ಎಂಟು ಗಂಟೆಯೆಂಬುದು ರಾತ್ರಿ ಮಲಗಿ ಬೆಳಿಗ್ಗೆ ಎದ್ದವರ ಎಂಟು ಗಂಟೆ. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಹೋದ ನರ್ಸಮ್ಮನಿಗೆ, ಹಸುಗೂಸಿನ ಜೊತೆ ನಾಲ್ಕು ಸಲ ಎದ್ದ ಬಾಣಂತಿಗೆ ಅದು ಬೇರೆಯೇ ಹೊತ್ತು. ಊಟ ಮಾಡಿ ಎಷ್ಟು ಗಂಟೆಯಾಯಿತು ಎಂದು ಕೇಳಿಯೇ ಕೇಳುತ್ತಾರೆ. ಯಾವಾಗ ಮಲಗಿದಿರಿ, ಎಷ್ಟು ಸಲ ಎದ್ದಿರಿ ಎಂದು ಕೇಳದಿದ್ದರೆ ಚೀಟಿಯ ಹಿಂಭಾಗದಲ್ಲಿ ನೀವೇ ಬರೆದು ವೈದ್ಯರ ಕೈಗೆ ಕೊಡಿ.